ಕಳ್ಳರ ಮನೆ ಹುಡುಗಿ

ಮಾರ್ಚ್ ೯, ಸೋಮವಾರ

ರಾಜಧಾನಿ ಗ್ಯಾಬೊರೋನ್‌ನಿಂದ ಬಸ್ಸಿನಲ್ಲಿ ಐದು ಗಂಟೆ, ಅಲ್ಲಿಂದ ಎಲೆಕೋಸಿನ ಮೂಟೆಗಳ ಜೊತೆ ಪಿಕಪ್ ಗಾಡಿಯ ಹಿಂದೆ ಒಂದು ಗಂಟೆ. ಮಜ್ವಾನೆಂಗ್ ತಲುಪಿದಾಗ ನಾನು ಯಾವುದು, ಎಲೆಕೋಸು ಯಾವುದು ಎಂದು ಬೇರ್ಪಡಿಸಿಕೊಂಡು ಇಳಿಯಬೇಕಾಯಿತು. ಎರಡೂವರೆ ತಿಂಗಳು ಈ ಊರ ಹಿಂದಿನ ಗುಡ್ಡದ ಬಬೂನ್ ಕೋತಿಗಳನ್ನು ಗಮನಿಸಿ ವರದಿ ಬರೆದುಕೊಟ್ಟರೆ ನನ್ನ ಪದವಿ ಮುಗಿಯುತ್ತದೆ. ಇಲ್ಲದಿದ್ದರೆ ಇನ್ನೊಂದು ವರ್ಷ ಅಪ್ಪನ ಮುಖ ನೋಡಿಕೊಂಡು ಮನೆಯಲ್ಲಿ ಕೂರಬೇಕು.

ಬಸ್ಸಿನಲ್ಲೇ ನನ್ನ ಮಾರ್ಗದರ್ಶಿ ಡಾ. ಮೊಲೆಬಾತ್ಸಿ ಕೊಟ್ಟಿದ್ದ ಫಾರಂ ತುಂಬಿದೆ. ಏಳನೇ ಪ್ರಶ್ನೆ: ‘ಅಧ್ಯಯನ ಮಾಡುವ ಪ್ರಾಣಿಗಳ ಜೊತೆ ಸಂಶೋಧಕರಿಗೆ ಯಾವುದಾದರೂ ಸಂಬಂಧ ಅಥವಾ ಹಿತಾಸಕ್ತಿ ಇದೆಯೇ?’ ‘ಇಲ್ಲ’ ಎಂದು ಬರೆದೆ. ಬಬೂನ್ ಜೊತೆ ಯಾರಿಗೆ ಸಂಬಂಧ ಇರುತ್ತದೆ ಎಂದು ನೆನೆಸಿಕೊಂಡು ಒಬ್ಬಳೇ ನಕ್ಕಿದ್ದಕ್ಕೆ ಪಕ್ಕದ ಸೀಟಿನ ಹೆಂಗಸು ತನ್ನ ಚೀಲವನ್ನು ಆಚೆ ಎಳೆದುಕೊಂಡಳು.

ಉಳಿಯುವುದು ಮಾ ಪುಲಾನೆ ಎಂಬ ಎಪ್ಪತ್ತರ ಅಜ್ಜಿಯ ಹಿತ್ತಿಲ ಗುಡಿಸಲಿನಲ್ಲಿ. ಬಂದವರು ಮೊದಲು ಖೋಟ್ಲಾಗೆ, ಅಂದರೆ ಊರ ಪಂಚಾಯ್ತಿ ಕಟ್ಟೆಗೆ ಹೋಗಿ ಮುಖ್ಯಸ್ಥರಿಗೆ ವಂದಿಸಬೇಕಂತೆ. ನನ್ನ ಪ್ಯಾಂಟು ನೋಡಿ ಅಜ್ಜಿ, “ಇದನ್ನ ಹಾಕ್ಕೊಂಡು ಕಟ್ಟೆ ಹತ್ತಿದ್ರೆ ನನ್ನ ಮಾನ ಹೋಗುತ್ತೆ” ಎಂದು ತನ್ನ ಲಂಗ ಕೊಟ್ಟಳು. ನನ್ನಂಥ ಮೂವರು ಹಿಡಿಸುವ ಲಂಗ. ಹಗ್ಗದಲ್ಲಿ ಕಟ್ಟಿಕೊಂಡು ಹೋದೆ.

ಮುಖ್ಯಸ್ಥರನ್ನು ಇಲ್ಲಿ ಖೋಸಿ ಎನ್ನುತ್ತಾರೆ, ಇವರು ಖೋಸಿ ಕೆಬೊನ್ಯೆ. “ಯಾವ ಬೆಡಗು ನಿಮ್ಮದು ಮಗಳೇ?” ಎಂದು ಕೇಳಿದರು. ಈ ಬೆಡಗು, ಅಪ್ಪನಿಂದ ಬರುವ ಕುಲದ ಪ್ರಾಣಿ, ಅದನ್ನು ನೆಂಟನೆಂದು ಎಣಿಸುವುದು ಇತ್ಯಾದಿಗಳನ್ನು ನಾನು ಮದುವೆ ಮನೆಯಲ್ಲಿ ಬಿಟ್ಟರೆ ಎಲ್ಲೂ ಕೇಳಿದವಳಲ್ಲ. ಆದರೂ ಎದ್ದು ನಿಂತು, “ಬಬೂನ್ ಬೆಡಗು ಖೋಸಿ. ನಮ್ಮ ನೆಂಟರನ್ನ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ” ಎಂದೆ. ಇಡೀ ಕಟ್ಟೆ ನಕ್ಕಿತು. ಒಂದೇ ಮಾತಿಗೆ ಊರನ್ನು ಗೆದ್ದುಬಿಟ್ಟೆ ಎನಿಸಿ ಖುಷಿಯಾಗಿದೆ.

ಮಾರ್ಚ್ ೧೧, ಬುಧವಾರ

ತಂಡ ಸಿಕ್ಕಿತು. ಮೂವತ್ತನಾಲ್ಕು ಪ್ರಾಣಿಗಳು. ಡಾ. ಮೊಲೆಬಾತ್ಸಿಯವರ ಕಟ್ಟಪ್ಪಣೆ: ಹೆಸರಿಡಬಾರದು, ಸಂಖ್ಯೆ ಮಾತ್ರ. ಹೆಸರಿಟ್ಟರೆ ಪ್ರೀತಿ ಬರುತ್ತದೆ, ಪ್ರೀತಿ ಬಂದರೆ ಅಂಕಿಅಂಶ ಕೆಡುತ್ತದೆ ಎನ್ನುತ್ತಾರೆ. ಹಾಗಾಗಿ ಗಂಡುಗಳು ಗಂ-೧, ಗಂ-೨, ಹೆಣ್ಣುಗಳು ಹೆ-೧, ಹೆ-೨. ಗಂ-೧ ಹರಿದ ಬಲಗಿವಿಯ ಮುದಿ ಗಂಡು. ಮೂತಿ ಉದ್ದ, ನಡಿಗೆಯಲ್ಲಿ ನಿವೃತ್ತ ಹೆಡ್‌ಮಾಸ್ಟರರ ಗತ್ತು. ಈ ಕೊನೆಯ ವಾಕ್ಯವನ್ನು ವರದಿಯಲ್ಲಿ ಬರೆಯುವಂತಿಲ್ಲ.

ಅಂಗಡಿಗೆ ಸಕ್ಕರೆ ತರಲು ಹೋದರೆ ಅಂಗಡಿಯವಳು, “ನಿನ್ನೆ ನಿಮ್ಮವರು ನಮ್ಮ ಹೊಲಕ್ಕೆ ಬಂದಿದ್ರು, ಒಂದು ಮಾತು ಹೇಳಬಾರದಾ?” ಎಂದಳು. ನಕ್ಕೆ. ಅವಳು ನಗಲಿಲ್ಲ. ದಾರಿಯಲ್ಲಿ ರಾ ಟೀರೊ ಎಂಬ ಮೇಕೆಗಳ ಸಾಹುಕಾರ ಸಿಕ್ಕಿ, “ನಿಮ್ಮ ದೊಡ್ಡಪ್ಪ ಇದ್ದಾನಲ್ಲ, ಆ ಹರಕುಕಿವಿ, ಅವನಿಗೆ ಬುದ್ಧಿ ಹೇಳು. ನಾನು ಹೇಳಿದ್ರೆ ಕೋವೀಲಿ ಹೇಳ್ತೀನಿ” ಎಂದ.

ಹಳ್ಳಿಯವರ ತಮಾಷೆ ಸ್ವಲ್ಪ ಎಳೆದ ಹಾಗೆ.

ಮಾರ್ಚ್ ೧೭, ಮಂಗಳವಾರ

ನನ್ನ ಮೇಲೆ ಕೇಸು ಬಿದ್ದಿದೆ. ಹಾಕಿದವಳು ನನ್ನದೇ ಮನೆಯೊಡತಿ, ಬೆಳಿಗ್ಗೆ ನನಗೆ ಅಂಬಲಿ ಕೊಟ್ಟು, “ಇನ್ನೊಂದು ಸೌಟು ಹಾಕ್ಕೋ, ಇವತ್ತು ಬಹಳ ಹೊತ್ತು ಕೂರಬೇಕಾಗುತ್ತೆ” ಎಂದವಳು. ಕಟ್ಟೆಗೆ ಹೋಗಿ ನೋಡಿದರೆ ಫಿರ್ಯಾದಿಯ ಜಾಗದಲ್ಲಿ ಆಕೆ, ಆರೋಪಿಯ ಜಾಗದಲ್ಲಿ ನನಗಾಗಿ ಹಾಸಿದ ಚಾಪೆ.

“ನನ್ನ ಕಲ್ಲಂಗಡಿ ಒಂದು ಸಾಲು ಪೂರ್ತಿ ಹೋಯ್ತು ಖೋಸಿ,” ಎಂದಳು ಮಾ ಪುಲಾನೆ. “ತಿಂದೋರು ಗುಡ್ಡದ ಮೇಲಿದಾರೆ, ಕರೆದ್ರೆ ಬರಲ್ಲ. ಅವರ ಮನೆಯವಳು ಇಲ್ಲೇ ಇದಾಳೆ.”

“ಕಳ್ಳ ಸಿಗದಿದ್ರೆ ಮನೆಯವರು ಉತ್ತರ ಕೊಡಬೇಕು. ಇದು ನಮ್ಮ ಕಟ್ಟೆಯ ಪದ್ಧತಿ,” ಎಂದರು ಖೋಸಿ. ಮುಖದಲ್ಲಿ ಒಂದೇ ಒಂದು ಗೆರೆ ಅಲುಗಲಿಲ್ಲ.

“ನಾನು ಅವತ್ತು ತಮಾಷೆಗೆ ಹೇಳಿದ್ದು ಖೋಸಿ.”

“ಬೆಡಗು ತಮಾಷೆನಾ? ನಿಮ್ಮಪ್ಪನ್ನೇ ಕೇಳೋಣ.”

ಕೇಳಿಯೇಬಿಟ್ಟರು. ಫೋನನ್ನು ಸ್ಪೀಕರಿಗೆ ಹಾಕಿದರು. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, “ನಮ್ಮದು ಬಬೂನ್ ಬೆಡಗೇ ಖೋಸಿ, ಸಂದೇಹ ಇಲ್ಲ. ಶಿಕ್ಷೆ ಕೊಡಿ. ಅವಳಿಗೆ ಕೆಲಸ ಮಾಡಿ ಅಭ್ಯಾಸ ಇಲ್ಲ, ಸ್ವಲ್ಪ ನೋಡ್ಕೊಂಡು ಕೊಡಿ” ಎಂದರು. ಹೆಂಗಸರೆಲ್ಲ ಶಾಲಿನಲ್ಲಿ ಮುಖ ಮುಚ್ಚಿಕೊಂಡರು.

ತೀರ್ಪು: ಸುಗ್ಗಿ ಮುಗಿಯುವವರೆಗೆ ಬೆಳಗಿನಿಂದ ಸಂಜೆಯವರೆಗೆ ಮಾ ಪುಲಾನೆಯ ಹೊಲ ಕಾಯಬೇಕು.

ಅಷ್ಟಕ್ಕೇ ಮುಗಿದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ರಾ ಟೀರೊ ಎದ್ದು, ಕಾವಲು ಗೀವಲು ಬೇಡ, ವನ್ಯಜೀವಿ ಕಚೇರಿಗೆ ಊರಿನ ಹೆಸರಲ್ಲಿ ಪತ್ರ ಬರೆಯಿರಿ, ಕೋವಿಯವರು ಬಂದು ಇಡೀ ತಂಡವನ್ನು ಮುಗಿಸಿ ಹೋಗಲಿ ಎಂದ. ಹಲವರು ಹೌದು ಹೌದು ಎಂದರು. ಈ ಸಲ ಯಾರೂ ತಮಾಷೆ ಮಾಡುತ್ತಿರಲಿಲ್ಲ. ಖೋಸಿ ಸ್ವಲ್ಪ ಯೋಚಿಸಿ, ಮೇ ಒಂಬತ್ತಕ್ಕೆ ಮತ್ತೆ ಸೇರಿ ತೀರ್ಮಾನ ಮಾಡೋಣ ಎಂದರು. ಪತ್ರ ಹೋದರೆ ಮೂವತ್ತನಾಲ್ಕೂ ಹೋದವು, ಜೊತೆಗೆ ನನ್ನ ಅಧ್ಯಯನವೂ ಹೋಯಿತು. ನನಗೆ ಚಿಂತೆ ಅಧ್ಯಯನದ್ದು.

ಮಾರ್ಚ್ ೨೧, ಶನಿವಾರ

ಬಬೂನ್‌ಗಳು ಹೆಂಗಸರಿಗೆ ಹೆದರುವುದಿಲ್ಲ. ನಾಲ್ಕು ದಿನ ಡಬ್ಬ ಬಡಿದು ನನ್ನ ಕಿವಿಯೇ ಹೋಯಿತು, ಅವು ಮದುವೆ ವಾಲಗ ಕೇಳುವವರ ಹಾಗೆ ಕಲ್ಲಿನ ಮೇಲೆ ಸಾಲಾಗಿ ಕೂತಿದ್ದವು. ಮಾ ಪುಲಾನೆ ಸತ್ತ ಗಂಡನ ಕೋಟು, ಟೋಪಿ ತಂದು ತೊಡಿಸಿದಳು. ಗಂಡಸಿನ ಹಾಗೆ ಕಾಲು ಅಗಲಿಸಿ ನಿಂತೆ. ಎರಡು ಗಂಟೆ ಒಂದೂ ಹತ್ತಿರ ಸುಳಿಯಲಿಲ್ಲ. ಆಮೇಲೆ ನನಗೆ ಸೀನು ಬಂತು. ಗಂ-೧ ತಲೆ ವಾಲಿಸಿ ನನ್ನನ್ನೇ ದಿಟ್ಟಿಸಿದ. ನಿಧಾನಕ್ಕೆ ಇಳಿದು ಬಂದು, ಒಂದೊಂದೇ ಕಲ್ಲಂಗಡಿ ತಟ್ಟಿ ನೋಡಿ, ಹಣ್ಣಾದದ್ದನ್ನೇ ಆರಿಸಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆಯೇ ಹೋದ.

“ಅವನು ತಟ್ಟಿ ನೋಡಿ ಯಾವುದನ್ನ ಬಿಟ್ಟು ಹೋದ, ನೋಡಿಕೊಂಡ್ಯಾ?” ಎಂದಳು ಅಜ್ಜಿ ಸಂಜೆ. “ಅದು ಇನ್ನೂ ಕಾಯಿ. ನಾಲ್ಕು ದಿನ ಬಿಟ್ಟು ಕೀಳೋಣ.”

ಮಾರ್ಚ್ ೩೦, ಸೋಮವಾರ
(ಜೋಳದ ಹಿಟ್ಟಿನ ಪೊಟ್ಟಣದ ಹಿಂದೆ ಬರೆದದ್ದು)

ಚೀಲ ಹೋಯಿತು. ಟಿಪ್ಪಣಿ ಪುಸ್ತಕ, ಈ ದಿನಚರಿ, ನನ್ನ ಬಾಚಣಿಗೆ, ಎಲ್ಲ ಹೋಯಿತು. ಕದ್ದವನು ಗಂ-೧. ನಾನು ಪೊದೆಯ ಮರೆಗೆ ಹೋಗುವುದನ್ನೇ ಕಾಯುತ್ತಿದ್ದ, ಅದೂ ಮೂರು ದಿನದಿಂದ.

ಸಿಟ್ಟಿನಲ್ಲಿ ನೆಟ್ಟಗೆ ಕಟ್ಟೆಗೆ ಹೋಗಿ ದೂರು ಕೊಟ್ಟೆ. ಖೋಸಿ ಚಹಾ ಕುಡಿಯುತ್ತಿದ್ದರು. “ಯಾರು ಕದ್ದಿದ್ದು? ನಿಮ್ಮ ದೊಡ್ಡಪ್ಪಾನಾ? ಮನೆಯೊಳಗಿನ ಜಗಳ ನಾವು ತಗೊಳ್ಳಲ್ಲ ಮಗಳೇ. ನೀವು ನೀವೇ ಕೂತು ಬಗೆಹರಿಸ್ಕೊಳ್ಳಿ.”

ಈ ಊರಿಗೆ ಯಾಕಾದರೂ ಬಂದೆನೋ.

ಏಪ್ರಿಲ್ ೪, ಶನಿವಾರ

ಚೀಲ ಸಿಕ್ಕಿತು! ಬೆಳಕು ಹರಿಯುವ ಮೊದಲೇ ಗುಡ್ಡದ ಬುಡಕ್ಕೆ ಹೋಗಿದ್ದೆ. ಬಂಡೆಯ ಕೆಳಗೆ ಬಿದ್ದಿತ್ತು, ದಿನಚರಿ ಒಳಗೇ ಇತ್ತು. ಟಿಪ್ಪಣಿ ಪುಸ್ತಕದಲ್ಲಿ ನಲವತ್ತು ಪುಟ ಸರಿಯಾಗಿವೆ. ಗಂ-೧ರ ಬಗ್ಗೆ ಬರೆದ ಎರಡು ಪುಟ ಮಾತ್ರ ಇಲ್ಲ, ನೀಟಾಗಿ ಹರಿದಿದೆ. ಕಾಕತಾಳೀಯ ಎಂದು ಬರೆದುಕೊಂಡಿದ್ದೇನೆ. ಬಾಚಣಿಗೆ ಹೆ-೪ ಹತ್ತಿರ ಇದೆ. ಮರಿಯ ಬೆನ್ನಿಗೆ ಉಜ್ಜುತ್ತಿದ್ದಳು. ಇಟ್ಟುಕೊಳ್ಳಲಿ, ನನ್ನ ಕೂದಲಿಗೆ ಅದು ಬಂದದ್ದೂ ಅಷ್ಟಕ್ಕಷ್ಟೇ.

ವಾಪಸು ಬರುವಾಗ ಹೊಲದ ಮೂಲೆಯಲ್ಲಿ, ಮುಳ್ಳುಬೇಲಿ ಸಡಿಲವಾದ ಕಡೆ, ನಾಲ್ಕು ಮೇಕೆಗಳು ಕಲ್ಲಂಗಡಿಯಲ್ಲಿ ಮುಖ ಹುದುಗಿಸಿ ನಿಂತಿದ್ದವು. ನನ್ನನ್ನು ನೋಡಿ ಬಂದ ದಾರಿಯಲ್ಲೇ ಓಡಿದವು. ಎಲ್ಲದರ ಎಡಗಿವಿಯೂ ತುದಿಯಲ್ಲಿ ಎರಡಾಗಿ ಸೀಳಿತ್ತು.

ಏಪ್ರಿಲ್ ೧೩, ಸೋಮವಾರ

ಈಗ ದಿನಾ ಎಲ್ಲರಿಗಿಂತ ಮೊದಲು ಹೊಲದಲ್ಲಿರುತ್ತೇನೆ. ಎಡಗಿವಿ ಸೀಳುವುದು ರಾ ಟೀರೊನ ಮೇಕೆಗಳ ಗುರುತು. ಅವನು ದೊಡ್ಡಿಯ ಬಾಗಿಲನ್ನು ಊರಿಗೆಲ್ಲ ಮೊದಲು ತೆಗೆಯುತ್ತಾನೆ. ಶ್ರಮಜೀವಿ ಎಂದುಕೊಂಡಿದ್ದೆ.

ಬಬೂನ್ ತಿಂದದ್ದನ್ನೂ ಮೇಕೆ ತಿಂದದ್ದನ್ನೂ ಗುರುತಿಸುವುದು ಸುಲಭ. ಬಬೂನ್ ಹಣ್ಣು ಕಿತ್ತು, ಒಡೆದು, ಕೂತು ತಿನ್ನುತ್ತದೆ. ಮೇಕೆ ಬಳ್ಳಿಯಲ್ಲೇ ಕೊರೆಯುತ್ತದೆ, ಜೊತೆಗೆ ಹಿಕ್ಕೆ ಹಾಕಿ ಸಹಿ ಮಾಡಿ ಹೋಗುತ್ತದೆ. ಕಾವಲು ಶುರುವಾದಾಗಿನಿಂದ ಹಾಳಾದದ್ದು ಐವತ್ತೊಂಬತ್ತು. ಅದರಲ್ಲಿ ನಮ್ಮವರದು ಹತ್ತೊಂಬತ್ತು. ಉಳಿದ ನಲವತ್ತೂ ಮೇಕೆಗಳದ್ದು. ಒಂದೊಂದನ್ನೂ ದಿನಾಂಕ ಹಾಕಿ, ಚಿತ್ರ ತೆಗೆದು ಇಟ್ಟಿದ್ದೇನೆ. ಮೇ ಒಂಬತ್ತಕ್ಕೆ ಕಟ್ಟೆಯಲ್ಲಿ ಇದನ್ನು ಬಿಚ್ಚಿದರೆ ರಾ ಟೀರೊನ ಮುಖ ನೋಡಬೇಕು.

ಇವತ್ತು ಇಡೀ ದಿನ ದೊಡ್ಡಪ್ಪ (ಗಂ-೧) ಕಾಣಿಸಲಿಲ್ಲ. ಊಟ ರುಚಿಸಲಿಲ್ಲ, ಸೊಪ್ಪಿಗೆ ಅಜ್ಜಿ ಉಪ್ಪು ಹಾಕಿರಲಿಲ್ಲವೇನೋ.

ಏಪ್ರಿಲ್ ೨೫, ಶನಿವಾರ

ರಾ ಟೀರೊನ ಮೂರು ನಾಯಿಗಳು ಹೆ-೪ನ್ನೂ ಮರಿಯನ್ನೂ ಹೊಲದ ಮಧ್ಯೆ ಅಡ್ಡಗಟ್ಟಿದವು. ಉಳಿದವರೆಲ್ಲ ಗುಡ್ಡ ಹತ್ತಿಯಾಗಿತ್ತು. ದೊಡ್ಡಪ್ಪ ಅರ್ಧ ದಾರಿಯಿಂದ ತಿರುಗಿ ಬಂದ. ಅವನ ವಯಸ್ಸಿಗೆ ಅದು ಬೇಕಿರಲಿಲ್ಲ. ಮೂರು ನಾಯಿಗಳ ಎದುರು ಒಬ್ಬನೇ ಹಲ್ಲು ತೋರಿಸಿ ನಿಂತ, ಹೆ-೪ ಮರಿ ಎತ್ತಿಕೊಂಡು ತಪ್ಪಿಸಿಕೊಂಡಳು. ಆಮೇಲೆ ನಾಯಿಗಳು ಅವನ ಹಿಂಗಾಲು ಹಿಡಿದವು.

ಪ್ರಾಣಿಗಳ ನಡುವಿನ ವಿಷಯದಲ್ಲಿ ಸಂಶೋಧಕರು ಮಧ್ಯೆ ಬರಬಾರದು. ಇದು ಎರಡನೇ ನಿಯಮ. ನಾನು ಲಂಗ ಎತ್ತಿಕೊಂಡು, ಡಬ್ಬ ಬಡಿಯುತ್ತಾ, ನನಗೇ ಗೊತ್ತಿರದಿದ್ದ ಬೈಗುಳಗಳನ್ನೆಲ್ಲ ಬೈಯುತ್ತಾ ನಾಯಿಗಳ ನಡುವೆ ಹೋಗಿ ನಿಂತೆ. ನಾಯಿಗಳು ಓಡಿದವು. ದೊಡ್ಡಪ್ಪ ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ಕೂತು ಕಾಲು ನೆಕ್ಕಿಕೊಂಡ, ನನ್ನ ಕಡೆ ನೋಡಲೂ ಇಲ್ಲ. ನನಗೆ ಅಳು ಬಂತು. ಟಿಪ್ಪಣಿಯಲ್ಲಿ ‘ಘಟನೆಯನ್ನು ಸ್ವಲ್ಪ ಹತ್ತಿರದಿಂದ ಗಮನಿಸಲಾಯಿತು’ ಎಂದು ಬರೆದಿದ್ದೇನೆ.

ಮೇ ೮, ಶುಕ್ರವಾರ

ನಾಳೆ ಕಟ್ಟೆ. ಹಾಳಾದದ್ದು ಒಟ್ಟು ತೊಂಬತ್ತಮೂರು: ನಮ್ಮವರದು ಮೂವತ್ತೊಂದು, ಮೇಕೆಗಳದ್ದು ಅರವತ್ತೆರಡು. ಪಟ್ಟಿಯನ್ನು ಎರಡು ಸಲ ಓದಿ ಮಾ ಪುಲಾನೆಗೆ ಹೇಳಿದೆ. ಆಕೆ ಹುರುಳಿ ಹಸನು ಮಾಡುತ್ತಾ, ತಲೆ ಎತ್ತದೆ ಕೇಳಿದಳು.

“ಚೆನ್ನಾಗಿದೆ. ಆದ್ರೆ ನಿನ್ನ ಮಾತು ಯಾರು ಕೇಳ್ತಾರೆ?”

“ಯಾಕೆ ಕೇಳಲ್ಲ? ಚಿತ್ರ ಇದೆ, ದಿನಾಂಕ ಇದೆ.”

“ಕಳ್ಳನ ಮನೆಯವರ ಸಾಕ್ಷಿ ನಮ್ಮ ಕಟ್ಟೇಲಿ ನಡೆಯಲ್ಲ ಮಗಾ. ಒಂದೋ ನೀನು ಅವರ ಮನೆಯವಳು, ಇಲ್ಲ ನೀನು ಸಾಕ್ಷಿ. ಎರಡೂ ಆಗೋಕೆ ಬಿಡಲ್ಲ.”

ಅಷ್ಟೇ ತಾನೆ. ‘ನಾನು ವಿಜ್ಞಾನದ ವಿದ್ಯಾರ್ಥಿನಿ. ಆ ಪ್ರಾಣಿಗಳಿಗೂ ನನಗೂ ಸಂಬಂಧ ಇಲ್ಲ.’ ಎರಡೇ ವಾಕ್ಯ. ಹೇಳಿದರೆ ನನ್ನ ಪಟ್ಟಿ ಸಾಕ್ಷಿಯಾಗುತ್ತದೆ, ಪತ್ರ ನಿಲ್ಲುತ್ತದೆ, ಅವು ಬದುಕುತ್ತವೆ. ಕನ್ನಡಿಯ ಮುಂದೆ ಹೇಳಿ ಅಭ್ಯಾಸ ಮಾಡಿದೆ. ಚೆನ್ನಾಗಿ ಬಂತು.

ಮೇ ೯, ಶನಿವಾರ

ನಿಧಾನವಾಗಿ, ಒಂದೂ ಬಿಡದೆ ಬರೆಯಬೇಕು.

ಇಡೀ ಊರು ಸೇರಿತ್ತು. ಗಂಡಸರು ತಮ್ಮ ತಮ್ಮ ಮನೆಯಿಂದ ಕುರ್ಚಿ ಹೊತ್ತು ತಂದಿದ್ದರು, ಹೆಂಗಸರು ಶಾಲು ಹೊದ್ದು ಚಾಪೆಯ ಮೇಲೆ ಕೂತಿದ್ದರು. ರಾ ಟೀರೊ ಪತ್ರವನ್ನು ತಾನೇ ಬರೆಸಿ ತಂದಿದ್ದ, ಖೋಸಿಯ ಸಹಿ ಒಂದು ಬೇಕಿತ್ತು. ನಾನು ಪುಸ್ತಕ ಹಿಡಿದು ಎದ್ದೆ.

“ಇವಳು ಏನು ಹೇಳೋದು?” ಎಂದು ರಾ ಟೀರೊ ಕೂತಲ್ಲಿಂದಲೇ ಕೇಳಿದ. “ಕಳ್ಳರ ಮನೆ ಹುಡುಗಿ. ತನ್ನವರನ್ನ ಬಿಟ್ಟುಕೊಡ್ತಾಳಾ?”

ಖೋಸಿ ನನ್ನ ಕಡೆ ತಿರುಗಿದರು. “ಅವನು ಹೇಳೋದು ಸರಿ ಇದೆ ಮಗಳೇ. ನೀನು ಓದಿದವಳು, ನಿನ್ನ ಮೇಲೆ ಒತ್ತಾಯ ಇಲ್ಲ. ಅವರು ನಿನಗೇನೂ ಅಲ್ಲ ಅಂತ ಇಲ್ಲಿ ಹೇಳಿಬಿಡು. ನಿನ್ನ ಪುಸ್ತಕದಲ್ಲಿರೋದನ್ನ ಪೂರ್ತಿ ಕೇಳ್ತೀವಿ.”

ಎರಡು ವಾಕ್ಯ. ಬಾಯಿ ತೆರೆದೆ. ಮೊದಲನೆಯದು ಹೊರಟಿತು: “ನಾನು ವಿಜ್ಞಾನದ ವಿದ್ಯಾರ್ಥಿನಿ.” ಎರಡನೆಯದು ಬರಲಿಲ್ಲ. ನನಗೆ ಆ ಕುಂಟುಕಾಲು ಕಣ್ಣ ಮುಂದೆ ಬಂತು, ಮೂರು ನಾಯಿಗಳ ಎದುರು ಅವನು ತಿರುಗಿ ಬಂದದ್ದು ಬಂತು.

“ಅವರು ನಮ್ಮವರೇ ಖೋಸಿ,” ಎಂದೆ. ಪುಸ್ತಕ ಮುಚ್ಚಿದೆ.

ರಾ ಟೀರೊ ಜೇಬಿನಿಂದ ಪೆನ್ನು ತೆಗೆದು ಖೋಸಿಗೆ ಕೊಡಲು ಎದ್ದ. ಅವರನ್ನು ನಮ್ಮವರು ಎಂದು ಕರೆದು ಕೊಲ್ಲಿಸಿದೆನಲ್ಲ ಎನಿಸಿತು. ಕೂರಲು ಬಗ್ಗಿದವಳಿಗೆ ಒಂದು ವಿಷಯ ಹೊಳೆಯಿತು, ಮತ್ತೆ ಎದ್ದು ನಿಂತೆ.

“ಮನೆಯವರು ಸಾಕ್ಷಿ ಹೇಳೋ ಹಾಗಿಲ್ಲ. ತಪ್ಪು ಒಪ್ಪಿಕೊಳ್ಳಬಹುದಾ ಖೋಸಿ?”

“ಒಪ್ಪಿಕೊಳ್ಳೋಕೆ ಯಾವಾಗಲೂ ಬಾಗಿಲು ತೆರೆದಿದೆ.”

“ಹಾಗಾದ್ರೆ ಒಪ್ಕೋತೀನಿ. ನಮ್ಮವರು ಮೂವತ್ತೊಂದು ಕಲ್ಲಂಗಡಿ ತಿಂದಿದ್ದಾರೆ. ಯಾವ ದಿನ, ಯಾವ ಸಾಲು, ಯಾರು ತಿಂದಿದ್ದು, ಎಲ್ಲ ಹೇಳ್ತೀನಿ. ಎಲ್ಲಕ್ಕೂ ನಾನು ಹೊಣೆ.”

“ಹಾಳಾಗಿರೋದು ತೊಂಬತ್ತು ದಾಟಿದೆ ಅಂತಾರೆ,” ಎಂದರು ಖೋಸಿ. “ಉಳಿದಿದ್ದು?”

“ಉಳಿದ ಅರವತ್ತೆರಡು ಒಪ್ಪಿಕೊಳ್ಳೋಕಾಗಲ್ಲ. ಅಲ್ಲಿ ಬರೀ ಗೊರಸಿನ ಗುರುತಿದೆ. ನಮ್ಮ ವಂಶದಲ್ಲಿ ಗೊರಸಿರೋರು ಯಾರೂ ಇಲ್ಲ.”

ಮೊದಲು ಹಿಂದಿನ ಸಾಲಿನ ಒಬ್ಬ ಮುದುಕ ನಕ್ಕ. ಆಮೇಲೆ ಇಡೀ ಕಟ್ಟೆ ನಕ್ಕಿತು. ಖೋಸಿ ಬಹಳ ಹೊತ್ತು ಕೆಮ್ಮಿದರು. ರಾ ಟೀರೊ ಪೆನ್ನು ಹಿಡಿದು ನಿಂತೇ ಇದ್ದ. “ಗೊರಸು ಯಾರದ್ದೂ ಆಗಿರಬಹುದು,” ಎಂದ.

ಆಗ ಮಾ ಪುಲಾನೆ ಮಂಡಿ ಹಿಡಿದುಕೊಂಡು ಎದ್ದಳು. “ಎಡಗಿವಿ ಸೀಳಿರೋ ಗೊರಸು ಖೋಸಿ. ಫೆಬ್ರವರಿಯಿಂದ ನೋಡ್ತಾ ಇದೀನಿ. ಹೊಲ ನಂದು, ನನ್ನ ಸಾಕ್ಷಿ ನಡೆಯುತ್ತೆ ಅಂದ್ಕೋತೀನಿ.”

“ಫೆಬ್ರವರಿಯಿಂದ ಗೊತ್ತಿದ್ದು ಈ ಹುಡುಗಿ ಮೇಲೆ ಯಾಕೆ ಕೇಸು ಹಾಕಿದೆ?” ಎಂದರು ಖೋಸಿ.

“ಮತ್ತೆ ಹೊಲ ಯಾರು ಕಾಯ್ತಿದ್ರು?” ಎಂದಳು ಅಜ್ಜಿ. “ರಾ ಟೀರೊ ಬರ್ತಿದ್ನಾ, ನನ್ನ ಗಂಡನ ಕೋಟು ಹಾಕ್ಕೊಂಡು?”

ಆಕೆಯ ಮೇಲೆ ಸಿಟ್ಟು ಮಾಡಬೇಕಿತ್ತು. ನಗು ಬಂದುಬಿಟ್ಟಿತು.

ಖೋಸಿ ಸಭೆಯ ಕಡೆ ನೋಡಿ ಗಂಭೀರವಾಗಿ ಕೇಳಿದರು, “ಮೇಕೆ ಬೆಡಗಿನವರು ಯಾರಾದ್ರೂ ಇದೀರಾ ಇಲ್ಲಿ?” ಆ ಬೆಡಗೇ ಎಲ್ಲೂ ಇಲ್ಲ. “ಹಾಗಾದ್ರೆ ಒಡೆಯನೇ ಉತ್ತರ ಕೊಡಬೇಕು.” ಪತ್ರವನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಕುರ್ಚಿಯ ಅಲುಗಾಡುವ ಕಾಲಿನಡಿ ತುರುಕಿದರು. ರಾ ಟೀರೊ ಬೇಲಿ ಕಟ್ಟಬೇಕು, ಸುಗ್ಗಿ ಮುಗಿಯುವವರೆಗೆ ನನ್ನ ಜೊತೆ ಹೊಲ ಕಾಯಬೇಕು.

ಕೋಟು ಅವನಿಗೆ ಸ್ವಲ್ಪ ಬಿಗಿಯಾಗುತ್ತದೆ.

ಮೇ ೨೦, ಬುಧವಾರ

ಬಸ್ಸಿನಲ್ಲಿದ್ದೇನೆ. ಮಡಿಲಲ್ಲಿ ಅಜ್ಜಿ ಕೊಟ್ಟ ಅಡುಗೆ ಕುಂಬಳ ಇದೆ, ಇಳಿಸಿದರೆ ಉರುಳುತ್ತದೆ. ಲಂಗ ವಾಪಸು ಕೊಡಲು ಹೋದರೆ, “ಇಟ್ಕೋ, ಮತ್ತೆ ಕಟ್ಟೆ ಹತ್ತೋ ಪ್ರಸಂಗ ಬರುತ್ತೆ ನಿನಗೆ” ಎಂದಳು. ಹೊಲ ಪೂರ್ತಿ ಕೊಯ್ದಾಗಿದೆ, ಗುಡ್ಡದ ಕಡೆಯ ಒಂದು ಸಾಲು ಬಿಟ್ಟು. ಅದನ್ನು ಯಾಕೆ ಕೊಯ್ಯಲಿಲ್ಲ ಎಂದು ರಾ ಟೀರೊ ಕೇಳಿದ್ದಕ್ಕೆ, ಕಣ್ಣು ಮಂಜು, ಕಾಣಲಿಲ್ಲ ಎಂದಳು. ಅದೇ ಕಣ್ಣಿಗೆ ಮೇಕೆಯ ಕಿವಿ ನೂರು ಮಾರು ದೂರದಿಂದ ಕಾಣುತ್ತದೆ.

ದೊಡ್ಡಪ್ಪನ ಕಾಲು ವಾಸಿಯಾಗುತ್ತಿದೆ. ಬೆಳಿಗ್ಗೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಕೂತಿದ್ದ. ಹೋಗಿ ಬರುತ್ತೇನೆ ಎಂದೆ. ಬೆನ್ನು ತಿರುಗಿಸಿದ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ, ಬೀಳ್ಕೊಡುವಾಗ ಮುಖ ತೋರಿಸುವುದಿಲ್ಲ.

ವರದಿ ಮುಗಿಯಿತು. ದಾರಿಯುದ್ದಕ್ಕೂ ಕೂತು ಎಲ್ಲ ಹೆಸರುಗಳನ್ನೂ ಹೊಡೆದುಹಾಕಿ ಸಂಖ್ಯೆ ಬರೆದೆ. ಈಗ ಮೊದಲಿನ ಫಾರಮನ್ನೇ ಮತ್ತೊಮ್ಮೆ ತುಂಬಿ ಜೊತೆಗಿಡಬೇಕು, ಡಾ. ಮೊಲೆಬಾತ್ಸಿ ಫೋನಿನಲ್ಲಿ ಜ್ಞಾಪಿಸಿದರು. ಒಂದರಿಂದ ಆರು ಬೇಗ ಆಯಿತು. ಏಳನೆಯದರ ಮುಂದೆ ಪೆನ್ನು ಹಿಡಿದು ಎರಡು ಊರು ದಾಟುವವರೆಗೆ ಕೂತಿದ್ದೆ. ‘ಅಧ್ಯಯನ ಮಾಡುವ ಪ್ರಾಣಿಗಳ ಜೊತೆ ಸಂಶೋಧಕರಿಗೆ ಯಾವುದಾದರೂ ಸಂಬಂಧ ಅಥವಾ ಹಿತಾಸಕ್ತಿ ಇದೆಯೇ?’

ಸುಳ್ಳು ಬರೆದರೆ ಅಂಕಿಅಂಶ ಕೆಡುತ್ತದೆ.

‘ಇದೆ. ತಂದೆಯ ಕಡೆಯಿಂದ.’